ಡಿಸ್ಚಾರ್ಜ್ ಆದ್ಮೇಲೆ ಯಾರ ಹೊಣೆ?

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಆಸ್ಪತ್ರೆ ಹೋರಾಟ ಅಂದ್ರೆ ಡಾಕ್ಟರ್ ಇಲ್ಲ, ಬೆಡ್ ಇಲ್ಲ, ಆಂಬುಲೆನ್ಸ್ ಬರಲಿಲ್ಲ ಅಂತಾನೇ. ಸರಿಯಾದ ಹೋರಾಟವೇ, ನಾನೂ ಧರಣಿ ಕೂತಿದ್ದೀನಿ. ಆದರೆ ಆಸ್ಪತ್ರೆಯಿಂದ ಹೊರಗೆ ಬಂದವರು ಮನೆ ಹೇಗೆ ಸೇರಿದರು, ಸೇರಿದ ಮೇಲೆ ಏನಾದರು ಅನ್ನೋದು ಯಾರ ಮನವಿ ಪತ್ರದಲ್ಲೂ ಕಾಣಲ್ಲ.

ಅಜ್ಜಂಪುರ ಕಡೆಯ ನಮ್ಮ ಕೇರಿಯೊಂದರ ಅಣ್ಣನಿಗೆ ಲಕ್ವ ಹೊಡೀತು. ದೊಡ್ಡ ಆಸ್ಪತ್ರೆಯಲ್ಲಿ (ಹೆಸರು ಬೇಡ) ಜೀವ ಉಳಿಸಿದರು, ಅದಕ್ಕೆ ಕೈ ಮುಗೀತೀನಿ. ಒಂದು ದಿನ ಮಧ್ಯಾಹ್ನ 'ಇವತ್ತು ಡಿಸ್ಚಾರ್ಜ್, ಬೆಡ್ ಖಾಲಿ ಮಾಡಿ' ಅಂದರು. ಮೂಗಲ್ಲಿ ಊಟದ ಪೈಪು, ಪಕ್ಕದಲ್ಲಿ ಮೂತ್ರದ ಚೀಲ. ಕೈಗೆ ಇಂಗ್ಲಿಷಿನ ನಾಲ್ಕು ಹಾಳೆ. ಇಪ್ಪತ್ತು ವರ್ಷ ಕಡತ ಕಟ್ಟಿದ ಗುಮಾಸ್ತ ನಾನು, ನನಗೇ ಅದರಲ್ಲಿ ಅರ್ಧ ಅರ್ಥ ಆಗಲಿಲ್ಲ. ಅವರ ಹೆಂಡತಿ ಕೇಳಿದ್ದು ಒಂದೇ ಮಾತು: 'ಅಣ್ಣಾ, ಈ ಪೈಪಲ್ಲಿ ಏನ್ ಹಾಕ್ಬೇಕು? ಗಂಜಿನಾ?' ಮಲಗಿಸಿ ಹಾಕಬಾರದು, ತಲೆ ಎತ್ತಿ ಕೂರಿಸಿ ಹಾಕಬೇಕು, ಇಲ್ಲಾಂದ್ರೆ ಶ್ವಾಸಕೋಶಕ್ಕೆ ಹೋಗುತ್ತೆ ಅಂತ ಆಯಮ್ಮನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ರೆ ಬೆನ್ನು ಹುಣ್ಣಾಗುತ್ತೆ ಅಂತಾನೂ ಹೇಳಿರಲಿಲ್ಲ. ವಾರ್ಡಿನ ನರ್ಸನ್ನ ಬೈಯಲ್ಲ. ಒಬ್ಬ ಹೆಣ್ಣುಮಗಳು ಎಷ್ಟು ಬೆಡ್ ನೋಡ್ತಾಳೆ ಅಂತ ಕಣ್ಣಾರೆ ಕಂಡಿದ್ದೀನಿ.

ಹೋಗೋಕೆ 108 ಬಂತು. ವಾಪಸ್ ಬರೋಕೆ ಅದು ಸಿಗಲ್ಲ, ಅದು ತುರ್ತಿಗೆ ಮಾತ್ರ. ಬಾಡಿಗೆ ಗಾಡಿಗೆ ಸಂಘದಿಂದ ಸಾಲ ಎತ್ತಿದರು.

ಹಾಗಂತ ವಾಪಸ್ ಕಳಿಸೋ ವ್ಯವಸ್ಥೆ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಾಣಂತಿ, ಮಗುವನ್ನ ಸರ್ಕಾರಿ ಆಸ್ಪತ್ರೆಯಿಂದ ಉಚಿತವಾಗಿ ಮನೆ ಮುಟ್ಟಿಸೋದು ಹಕ್ಕು. 'ನಗು-ಮಗು' ವಾಹನ ಅದಕ್ಕೇ ಇರೋದು. ಬಾಣಂತಿಗೆ ಆಗೋದು ಅರ್ಧ ಮೈ ಬಿದ್ದುಹೋದ ಕೂಲಿಯವನಿಗೆ ಯಾಕಾಗಲ್ಲ? 2018ರಿಂದ ಆಯುಷ್ಮಾನ್ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಕೇಂದ್ರದ ಆ ಯೋಜನೆಯ ನಿಯಮದಲ್ಲಿ ಡಿಸ್ಚಾರ್ಜ್ ಆದ 15 ದಿನದವರೆಗಿನ ಔಷಧಿ, ಪರೀಕ್ಷೆಯ ಖರ್ಚೂ ಸೇರಿದೆ. ನಮ್ಮ ಕೇರಿಗಳಲ್ಲಿ ಇದನ್ನ ತಿಳಿದು ಕೇಳಿದವರು ಒಬ್ಬರನ್ನೂ ನಾನು ನೋಡಿಲ್ಲ. ಆರೋಗ್ಯ ಮಿತ್ರ ಅಂತ ಕೌಂಟರ್ ಇರುತ್ತೆ, ಅಲ್ಲಿ ಕಾರ್ಡು ನೋಡ್ತಾರೆ, ಮುಂದಿನದು ಹೇಳಲ್ಲ.

'ಮನೇಲಿ ನೋಡ್ಕೊಳ್ಳಿ' ಅಂತಾರಲ್ಲ, ಯಾವ ಮನೆ? ಒಂದೇ ಕೋಣೆ, ನೆಲದ ಮೇಲೆ ಹಾಸಿಗೆ, ಗಾಡಿ ಒಳಗೆ ಬಾರದ ಗಲ್ಲಿ. ಆಯಮ್ಮ ಈರುಳ್ಳಿ ಕೀಳೋಕೆ ಹೋದ್ರೆ ಒಲೆ ಉರಿಯುತ್ತೆ, ಹೋದ್ರೆ ಗಂಡನ ಮಗ್ಗುಲು ಬದಲಿಸೋರಿಲ್ಲ. ದುಡ್ಡು ಕೊಡ್ತೀನಿ ಅಂದ್ರೂ ವ್ಯಾಯಾಮ ಮಾಡಿಸೋನು ಕೇರಿಗೆ ಬರಲ್ಲ, 'ಪೇಟೆಗೇ ಕರ್ಕೊಂಡ್ ಬನ್ನಿ' ಅಂತಾನೆ. ಕಾರಣ ದೂರ ಅಂತೆ. ಅದೇ ಊರಿನ ಗೌಡರ ಮನೆಗೆ ಬಂದು ಹೋಗೋ ದೂರ ಎಷ್ಟು ಅಂತ ಕೇಳಬೇಕು.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಡಿಸ್ಚಾರ್ಜಿಗೆ ಎರಡು ದಿನ ಮೊದಲೇ ಮನೆಯವರಿಗೆ ಹೇಳಿ, ಪೈಪು, ಚೀಲ, ಮಗ್ಗುಲು ಕೈಹಿಡಿದು ಕಲಿಸಲಿ. ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲಿ. ಊರಿನ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಫೋನ್ ಹೋಗಲಿ (ಆಶಾಗಳಿಗೆ ಈ ಕೆಲಸಕ್ಕೆ ಬೇರೆ ದುಡ್ಡು ಕೊಡಲಿ, ಬಿಟ್ಟಿ ಚಾಕರಿ ಸಾಕು). ಮನೆ ಮುಟ್ಟಿಸೋ ಗಾಡಿ ಬೇಕು. ಪಂಚಾಯ್ತಿಯಲ್ಲಿ ಪರಿಶಿಷ್ಟರಿಗೆ ಅಂತ ಎತ್ತಿಡೋ ಹಣ, ವಿಕಲಚೇತನರ ಶೇ 5ರ ಹಣ ಇದೆಯಲ್ಲ, ಅದರಲ್ಲಿ ಮಂಚ, ಗಾಲಿಕುರ್ಚಿ, ಆ ಹೆಂಡತಿಗೆ ಒಂದಷ್ಟು ದಿನದ ಕೂಲಿ ಕೊಡಿ ಅಂತ ಗ್ರಾಮಸಭೆಯಲ್ಲಿ ಬರೆಸೋಣ. ಚರಂಡಿ ಆಮೇಲೆ ಕಟ್ಟಲಿ.

ಮೂರೂ ತಾಲ್ಲೂಕಿನಿಂದ ಮನವಿ ತಯಾರು ಮಾಡ್ತಿದ್ದೀವಿ. ನಿಮ್ಮ ಮನೆಯ ಡಿಸ್ಚಾರ್ಜ್ ಚೀಟಿ ಇದ್ರೆ ರೋಗಿಯ ಹೆಸರು ಮುಚ್ಚಿ ಫೋಟೋ ಇನ್‌ಬಾಕ್ಸಿಗೆ ಹಾಕಿ. ವಾಪಸ್ ಬರೋಕೆ ಗಾಡಿಗೆ ಎಷ್ಟು ಕೊಟ್ರಿ ಅಂತಾನೂ ಬರೀರಿ.