ರಿಮೋಟ್ ಗ್ಲೈಡರ್‌ಗೂ ಡ್ರೋನ್ ಕಾನೂನೇ: ಹಳಿಯಾಳ, ಮುಂಡಗೋಡದಲ್ಲಿ ದಾರಿ ಇದೆ, ಜೋಯಿಡಾದಲ್ಲಿ ಕಷ್ಟ

ಜಾತ್ರೆ ಅಂಗಡಿಯಲ್ಲಿ ಸಿಗುವ ಥರ್ಮಾಕೋಲ್ ವಿಮಾನ ಬರೀ ಆಟಿಕೆ. ಅದಕ್ಕೇ ಎರಡು ಸಣ್ಣ ಸರ್ವೋ, ಒಂದು ರಿಸೀವರ್, ಬ್ಯಾಟರಿ ಕೂರಿಸಿ ನೆಲದ ಮೇಲೆ ನಿಂತು ರಿಮೋಟ್‌ನಿಂದ ತಿರುಗಿಸಿದರೆ ಕಾನೂನಿನ ಪ್ರಕಾರ ಅದು ಮಾನವರಹಿತ ವಿಮಾನ, ಅಂದ್ರೆ ಡ್ರೋನ್. ಕ್ಯಾಮೆರಾ ಇಲ್ಲದಿದ್ದರೂ, ಮೋಟಾರೇ ಇಲ್ಲದೆ ಬರೀ ಗಾಳಿಯ ಮೇಲೆ ತೇಲುವ ಗ್ಲೈಡರ್ ಆಗಿದ್ದರೂ ಲೆಕ್ಕ ಬದಲಾಗೋದಿಲ್ಲ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನೋಡುವುದು ಒಂದನ್ನೇ: ಒಳಗೆ ಪೈಲಟ್ ಇಲ್ಲದೆ, ದೂರದಿಂದ ಅಥವಾ ತಾನಾಗಿ ನಡೆಯುವ ವಿಮಾನವೇ ಅದು ಎಂಬುದನ್ನು.

ಈ ವಿಷಯ ಈಗ ಯಾಕೆ ಅಂದ್ರೆ, 2025ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ದಿಲ್ಲಿಯಿಂದ ಎರಡು ಸುದ್ದಿ ಬಂದವು. ಒಂದು ಸಿಹಿ: ಡ್ರೋನ್‌ಗಳ ಮೇಲಿನ ಜಿಎಸ್‌ಟಿ ಶೇ 18 ಮತ್ತು ಶೇ 28ರಿಂದ ಇಳಿದು ಎಲ್ಲಕ್ಕೂ ಶೇ 5 ಆಯಿತು. ಇನ್ನೊಂದು ಅಷ್ಟು ಸಿಹಿ ಅಲ್ಲ: ನಾಗರಿಕ ವಿಮಾನಯಾನ ಸಚಿವಾಲಯ ಹೊಸ ನಾಗರಿಕ ಡ್ರೋನ್ ಮಸೂದೆಯ ಕರಡು ಹೊರಡಿಸಿ ಅಭಿಪ್ರಾಯ ಕೇಳಿತು. ಟೈಪ್ ಸರ್ಟಿಫಿಕೇಟ್ ಇಲ್ಲದೆ ಡ್ರೋನ್ ತಯಾರಿಸುವುದು, ಮಾರುವುದು ತಪ್ಪು ಎನ್ನುತ್ತದೆ ಕರಡು. ತಪಾಸಣೆ ಮಾಡುವ, ಮಾಲು ಜಪ್ತಿ ಮಾಡುವ ಅಧಿಕಾರವೂ ಅದರಲ್ಲಿದೆ. ಡ್ರೋನ್ ಉದ್ಯಮದವರೇ ಇದಕ್ಕೆ ಆಕ್ಷೇಪ ಎತ್ತಿದರು.

ದೊಡ್ಡ ಕಂಪನಿಗಳಿಗೆ ಸರ್ಟಿಫಿಕೇಟ್ ತರಲು ವಕೀಲರಿದ್ದಾರೆ, ಲ್ಯಾಬ್ ಇದೆ. ಹಳಿಯಾಳದ ಇಂಜಿನಿಯರಿಂಗ್ ವಿದ್ಯಾರ್ಥಿ ಹಾಸ್ಟೆಲ್‌ನಲ್ಲಿ ಫೋಮ್ ಶೀಟ್ ಕತ್ತರಿಸಿ ಅಂಟಿಸಿದ ಗ್ಲೈಡರ್‌ಗೆ ಟೈಪ್ ಸರ್ಟಿಫಿಕೇಟ್ ಯಾರು ತರಬೇಕು? ಅದರ ಬಿಡಿಭಾಗ ಮಾರಿದ ಅಂಗಡಿಯವನ ಗತಿ ಏನು?

ಈಗಿನ ನಿಯಮದಲ್ಲಿ ಇದಕ್ಕೆ ಉತ್ತರ ಇದೆ, ಚೆನ್ನಾಗಿಯೇ ಇದೆ. 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಹವ್ಯಾಸಕ್ಕಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ವಿಮಾನವನ್ನು 2021ರ ನಿಯಮ 'ಮಾದರಿ' ಎಂದು ಬೇರೆಯಾಗಿ ಗುರುತಿಸಿದೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ. 250 ಗ್ರಾಂ ಒಳಗಿನ ನ್ಯಾನೋಗೂ ಬೇಡ. ನ್ಯಾನೋ ಹಾರಿಸಲು, ಮತ್ತು 2 ಕೆ.ಜಿ. ಒಳಗಿನದನ್ನು ದುಡಿಮೆಗಲ್ಲದೆ ಹವ್ಯಾಸಕ್ಕೆ ಹಾರಿಸಲು ಪೈಲಟ್ ಲೈಸೆನ್ಸೂ ಬೇಡ. ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು, ಅದರ ಶುಲ್ಕ 100 ರೂಪಾಯಿ. ನ್ಯಾನೋ ಬಿಟ್ಟು ಉಳಿದವಕ್ಕೆ ಬೈಕಿಗೆ ಇದ್ದಂತೆ ಥರ್ಡ್ ಪಾರ್ಟಿ ವಿಮೆ ಬೇಕು. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ.

ಶಾಲೆ ಕಾಲೇಜುಗಳಿಗೆ ಇನ್ನೂ ದೊಡ್ಡ ಬಾಗಿಲು ತೆರೆದಿದೆ. ಸರ್ಕಾರದ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆ ಸಂಶೋಧನೆ, ಅಭಿವೃದ್ಧಿ, ಪರೀಕ್ಷೆಗೆ ಅಂತ ಹಾರಿಸಿದರೆ ನೋಂದಣಿ ಸಂಖ್ಯೆಯೂ ಬೇಡ, ಲೈಸೆನ್ಸೂ ಬೇಡ. ಷರತ್ತು ಇಷ್ಟೇ: ಜಾಗ ಹಸಿರು ವಲಯದಲ್ಲಿರಬೇಕು, ಸಂಸ್ಥೆಯ ಆವರಣ ಆಗಿರಬೇಕು ಅಥವಾ ಸಂಸ್ಥೆಯ ಹಿಡಿತದಲ್ಲಿರುವ ಬಯಲು ಆಗಿರಬೇಕು. ಜಿಎಸ್‌ಟಿ ನಂಬರ್ ಇರುವ ತಯಾರಕರಿಗೂ ಇದೇ ವಿನಾಯಿತಿ ಇದೆ. ಹಳಿಯಾಳದ ಕೆಎಲ್‌ಎಸ್ ವಿಶ್ವನಾಥರಾವ್ ದೇಶಪಾಂಡೆ ಕಾಲೇಜಿನಂಥ ಕಡೆ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಗೋದು ಕಷ್ಟ.

ಪ್ರಯೋಗಶಾಲೆ ಎಂಬ ಮಾತು ಸುಮ್ಮನೆ ಅಲ್ಲ. ನಾಲ್ಕು ಫ್ಯಾನಿನ ಡ್ರೋನ್ ಖರೀದಿಸಿದವನಿಗೆ ಹಾರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಅದರೊಳಗಿನ ಕಂಪ್ಯೂಟರೇ ಮಾಡಿಕೊಡುತ್ತದೆ. ಗ್ಲೈಡರ್ ಹಾಗಲ್ಲ. ರೆಕ್ಕೆ ಉದ್ದವಾಗಿ, ಕಿರಿದಾಗಿ ಇದ್ದಷ್ಟೂ ಹೆಚ್ಚು ದೂರ ತೇಲುತ್ತದೆ, ಆದರೆ ಅಷ್ಟೇ ಬೇಗ ಮುರಿಯುತ್ತದೆ. ಮೂತಿಯಲ್ಲಿ ತೂಕ ಸ್ವಲ್ಪ ಕಡಿಮೆಯಾದರೆ ತಲೆ ಎತ್ತಿ ನಿಂತು ಬೀಳುತ್ತದೆ, ಹೆಚ್ಚಾದರೆ ನೇರ ನೆಲಕ್ಕೆ ಮೂಗು ಹಾಕುತ್ತದೆ. ರೆಕ್ಕೆಯ ತುದಿ ಹಿಡಿದು, ಚಕ್ರ ಎಸೆತದ ಹಾಗೆ ಒಂದು ಸುತ್ತು ಸುತ್ತಿ ಎಸೆಯುವ ಒಂದು ಜಾತಿ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದರ ರೆಕ್ಕೆ ಒಂದೂವರೆ ಮೀಟರ್ ಮೀರುವಂತಿಲ್ಲ. ಪಳಗಿದ ಕೈ ಅದನ್ನು ಮೋಟಾರಿಲ್ಲದೆಯೇ 50 ಮೀಟರ್ ಎತ್ತರಕ್ಕೆ ಕಳಿಸುತ್ತದೆ. ಮೇಲೆ ಹೋದ ಮೇಲೆ ಬಿಸಿಗಾಳಿಯ ಕಂಬ ಹುಡುಕಬೇಕು. ಹದ್ದು ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತಿದೆಯೋ ಅಲ್ಲಿ ಅದು ಇರುತ್ತದೆ. ರೈತರಿಗೆ ಹೊಸ ಮಾತೇನಲ್ಲ, ಬಿಸಿಲಿಗೆ ಕಾದ ಹೊಲದ ಮೇಲೆ ಹದ್ದು ಸುತ್ತೋದನ್ನು ದಿನಾ ನೋಡಿದವರೇ.

ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಕಲಿಸುವುದೂ ಇದೇ ಕಾರಣಕ್ಕೆ.

ಇಲ್ಲೇ ಕಾನೂನಿನ ಒಂದು ತೊಡಕೂ ಬರುತ್ತದೆ. ಹಸಿರು ವಲಯದಲ್ಲಿ ಅನುಮತಿ ಇಲ್ಲದೆ ಏರಬಹುದಾದ ಎತ್ತರ 400 ಅಡಿ, ಸುಮಾರು 120 ಮೀಟರ್. ಮಾರ್ಚ್ ತಿಂಗಳ ಮಧ್ಯಾಹ್ನ ಒಳ್ಳೆ ಬಿಸಿಗಾಳಿ ಸಿಕ್ಕಿದರೆ ಹಗುರ ಗ್ಲೈಡರ್ ಅದನ್ನು ದಾಟಲು ಹೆಚ್ಚು ಹೊತ್ತು ಬೇಡ. ಕೆಳಗೆ ನಿಂತವನಿಗೆ ಅದು 100 ಮೀಟರೋ 150 ಮೀಟರೋ ಅಂತ ಕಣ್ಣಳತೆಯಲ್ಲಿ ಗೊತ್ತಾಗೋದಿಲ್ಲ. ಎತ್ತರ ತಿಳಿಸುವ ಸಣ್ಣ ಸೆನ್ಸರ್, ಬೇಕೆಂದಾಗ ಇಳಿಸಲು ರೆಕ್ಕೆಯಲ್ಲಿ ಬ್ರೇಕ್, ಇವೆರಡೂ ಶೋಕಿ ಅಲ್ಲ, ಬೇಕೇ ಬೇಕು.

ಎಲ್ಲಿ ಹಾರಿಸಬಹುದು?

ನಾಲ್ಕೂ ತಾಲೂಕು ಒಂದೇ ಅಲ್ಲ. ಜೋಯಿಡಾ, ದಾಂಡೇಲಿ ಎಂದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡಿನೊಳಗೆ ಕಾಲಿಡಲೇ ಅನುಮತಿ ಬೇಕಾದ ಕಡೆ ವಿಮಾನ ಹಾರಿಸುವ ಮಾತು ಬೇಡ. ಸೂಪಾ ಅಣೆಕಟ್ಟು, ನಾಗಝರಿ ವಿದ್ಯುದಾಗಾರ, ಆಚೆಗೆ ಕೈಗಾ ಅಣು ಸ್ಥಾವರ, ಕಾರವಾರದ ನೌಕಾನೆಲೆ, ಎಲ್ಲವೂ ಸೂಕ್ಷ್ಮ ಜಾಗಗಳೇ. 2025ರ ಡಿಸೆಂಬರ್‌ನಲ್ಲಿ ಕಾರವಾರ ಕಡಲತೀರದಲ್ಲಿ ಚೀನಾದ ಟ್ರ್ಯಾಕರ್ ಕಟ್ಟಿದ ಒಂದು ಕಡಲಹಕ್ಕಿ ಸಿಕ್ಕಿದ್ದಕ್ಕೇ ಎಷ್ಟು ಗದ್ದಲ ಆಯಿತು ಅಂತ ಜಿಲ್ಲೆಗೆ ಗೊತ್ತು. ಸದ್ದಿಲ್ಲದೆ ತೇಲುವ ಬಿಳಿ ರೆಕ್ಕೆ ಕಂಡರೆ ಜನ ಏನಂದುಕೊಳ್ಳಬೇಕು? ಹೋಮ್‌ಸ್ಟೇ, ರೆಸಾರ್ಟ್‌ನವರು ಪ್ರವಾಸಿಗರಿಗೆ 'ಇಲ್ಲಿ ಏನು ಬೇಕಾದರೂ ಹಾರಿಸಿ' ಎನ್ನುವ ಮುನ್ನ ನಕ್ಷೆ ನೋಡಲಿ.

ದಾಂಡೇಲಿ ಬಗ್ಗೆ ಒಂದು ವಿಷಾದದ ಮಾತು. ಬಿದಿರಿನ ಬಲದ ಮೇಲೆ ಪೇಪರ್ ಮಿಲ್ ಕಟ್ಟಿದ, ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆಯೂ ಇದ್ದ ಊರು ಅದು. ಹಗುರ ಕಟ್ಟಿಗೆ, ಬಿದಿರು, ಕಾಗದ, ಹಳೆಯ ಕಾಲದ ಮಾದರಿ ವಿಮಾನಕ್ಕೆ ಬೇಕಿದ್ದದ್ದು ಇವೇ. ಕಸುಬು ಗೊತ್ತಿದ್ದ ಊರಿಗೆ ಆಕಾಶ ಇಲ್ಲ.

ಹಳಿಯಾಳ, ಮುಂಡಗೋಡದ ಕಥೆ ಬೇರೆ. ಬಯಲು ಇದೆ, ಭತ್ತದ ಕೊಯ್ಲು ಮುಗಿದರೆ ಗದ್ದೆ ಖಾಲಿ. ಹುಬ್ಬಳ್ಳಿ ವಿಮಾನ ನಿಲ್ದಾಣದ ಸುತ್ತ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ 200 ಅಡಿಯ ಮಿತಿ ಇದೆ, ಆದರೆ ಎರಡೂ ಪಟ್ಟಣ ಅದರಿಂದ ಬಹಳ ಹೊರಗಿವೆ. ಹಾಗಂತ ಎಲ್ಲಾ ಕಡೆ ಸಲೀಸು ಅಲ್ಲ. ಹಳಿಯಾಳ ಭಾಗದಲ್ಲೂ ಕಾಡಿನ ಅಂಚು ಬರುತ್ತದೆ, ಹೈಟೆನ್ಷನ್ ಲೈನ್‌ಗಳಿವೆ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದ ಹತ್ತಿರವಂತೂ ಸುಳಿಯಲೇಬಾರದು. ಗಿಡುಗದ ಆಕಾರದ ರಿಮೋಟ್ ವಿಮಾನಗಳನ್ನು ಹೊರದೇಶದಲ್ಲಿ ಹಕ್ಕಿ ಓಡಿಸಲಿಕ್ಕೆಂದೇ ಬಳಸಿದ್ದಾರೆ. ವಲಸೆ ಹಕ್ಕಿ ಬರುವ ಚಳಿಗಾಲದಲ್ಲಿ ಅಲ್ಲಿ ಗ್ಲೈಡರ್ ತೇಲಿದರೆ ಪರಿಣಾಮ ಅದೇ. ಟಿಬೆಟಿಯನ್ ಕ್ಯಾಂಪಿಗೆ ದಲೈ ಲಾಮಾ ಅವರಂಥ ಗಣ್ಯರು ಬಂದಾಗಲೂ ಎಚ್ಚರ ಬೇಕು: ಎಸ್‌ಪಿ ದರ್ಜೆಯ ಅಧಿಕಾರಿ ಯಾವುದೇ ಜಾಗವನ್ನು 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ನಿನ್ನೆ ಹಸಿರಿದ್ದದ್ದು ಇವತ್ತು ಕೆಂಪಾಗಿರಬಹುದು, ಹಾಗಾಗಿ ಪ್ರತಿ ಸಲ ನಕ್ಷೆ ನೋಡಲೇಬೇಕು.

ಅಂಗಡಿಕಾರರಿಗೆ

ಮಾರುವವರ ಗೊಂದಲ ಇನ್ನೂ ಜಾಸ್ತಿ, ಯಾಕಂದ್ರೆ ಕೌಂಟರ್ ಮೇಲಿನ ಒಂದೊಂದು ಡಬ್ಬಕ್ಕೂ ಒಂದೊಂದು ಕಾನೂನು. ಮಕ್ಕಳ ಎಸೆಯುವ ವಿಮಾನ ಆಟಿಕೆ. 2021ರ ಜನವರಿಯಿಂದ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಪೂರ್ತಿ ಜೋಡಿಸಿದ ವಿದೇಶಿ ಡ್ರೋನ್, ಅಥವಾ ಬಿಚ್ಚಿಟ್ಟ ಪೂರ್ತಿ ಕಿಟ್ ಆಮದು 2022ರ ಫೆಬ್ರುವರಿಯಿಂದ ನಿಷೇಧ, ಸಂಶೋಧನೆ ಮತ್ತು ರಕ್ಷಣೆಗೆ ಮಾತ್ರ ವಿನಾಯಿತಿ. ಆದರೆ ಬಿಡಿಭಾಗಗಳ ಆಮದಿಗೆ ಈ ನಿಷೇಧ ಇಲ್ಲ. ರಿಮೋಟ್ ನಡೆಯುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡ, ಆದರೆ ಆ ಮಾಡೆಲ್‌ಗೆ ದೂರಸಂಪರ್ಕ ಇಲಾಖೆಯ ಇಟಿಎ ಒಪ್ಪಿಗೆ ಇರಬೇಕು. ಇದೇ ಒಪ್ಪಿಗೆ ಇಲ್ಲದ ವಾಕಿಟಾಕಿ ಮಾರಿದ್ದಕ್ಕೆ 2025ರಲ್ಲಿ ದೊಡ್ಡ ಆನ್‌ಲೈನ್ ಕಂಪನಿಗಳಿಗೇ ಗ್ರಾಹಕ ಪ್ರಾಧಿಕಾರ ನೋಟಿಸ್ ಕೊಟ್ಟಿತ್ತು. ಹುಬ್ಬಳ್ಳಿಯಿಂದಲೋ ಆನ್‌ಲೈನ್‌ನಲ್ಲೋ ಮಾಲು ತರಿಸುವವರು ಡಬ್ಬದ ಮೇಲೆ ಇಟಿಎ ನಂಬರ್ ಇದೆಯಾ ಅಂತ ನೋಡಿ, ಬಿಲ್ ಜೋಪಾನ ಇಡಬೇಕು.

ಇಷ್ಟೆಲ್ಲ ತಿಳಿದು ವ್ಯಾಪಾರ ಮಾಡುವವನೂ ಕರಡು ಮಸೂದೆ ಹಾಗೇ ಕಾಯ್ದೆಯಾದರೆ ಅಳುಕಬೇಕಾಗುತ್ತದೆ. ಫೋಮ್ ಶೀಟ್, ಸರ್ವೋ, ರಿಸೀವರ್ ಒಟ್ಟಿಗೆ ಮಾರಿದರೆ ಅದು ಬಿಡಿಭಾಗವೋ ಡ್ರೋನೋ? ಉತ್ತರ ಮುಂದೆ ಬರುವ ನಿಯಮಗಳಲ್ಲಿ ಸ್ಪಷ್ಟ ಆಗಬೇಕು. 2021ರಲ್ಲಿ ಕೊಟ್ಟ 'ಮಾದರಿ'ಯ ವಿನಾಯಿತಿ ಕಾಯ್ದೆಯೊಳಗೇ ಸೇರಬೇಕು ಎಂದು ಸಂಸದರ ಮೂಲಕ ಕೇಳಿಸುವುದು ಜಿಲ್ಲೆಯ ವ್ಯಾಪಾರಿ ಸಂಘಗಳು, ಕಾಲೇಜುಗಳು ಇವತ್ತೇ ಮಾಡಬಹುದಾದ ಕೆಲಸ.

ಜಿಲ್ಲಾಡಳಿತದ ಪಾಲಿನದು ಅದಕ್ಕಿಂತ ಸುಲಭ, ದಿಲ್ಲಿಗೆ ಕಾಯಬೇಕಿಲ್ಲ. ಹಳಿಯಾಳದಲ್ಲಿ ಒಂದು, ಮುಂಡಗೋಡದಲ್ಲಿ ಒಂದು ಬಯಲು ಗುರುತಿಸಿ, ಅರಣ್ಯ ಇಲಾಖೆ, ಹೆಸ್ಕಾಂ, ಪೊಲೀಸರು ಒಟ್ಟಿಗೆ ನೋಡಿ 'ಇಲ್ಲಿ ಹಾರಿಸಬಹುದು' ಎಂದು ಬೋರ್ಡ್ ಹಾಕಿದರೆ ಸಾಕು. ಠಾಣೆಯ ಸಿಬ್ಬಂದಿಗೂ ಯಾವುದು ಮಾದರಿ, ಯಾವುದು ಕ್ಯಾಮೆರಾ ಡ್ರೋನ್ ಎಂದು ಒಂದು ದಿನ ತೋರಿಸಬೇಕು. ಗದ್ದೆ ಖಾಲಿ ಇದ್ದು ಗಾಳಿ ಅನುಕೂಲ ಇರೋದು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಜೂನ್ ಬಂದರೆ ಮಳೆ, ಮತ್ತೆ ಆರು ತಿಂಗಳು ರೆಕ್ಕೆ ಅಟ್ಟದ ಮೇಲೆ.