ತಂತಿ ಪಂಚಾಯತಿ ಕಚೇರಿಯಲ್ಲೇ ನಿಲ್ಲಬಾರದು

ತಾರಮಂಗಲಂ ಸೀಮೆಯ ಒಕ್ಕಲುಮಕ್ಕಳಿಗೆ ವಿದ್ಯುತ್ತಿನ ಕಥೆ ಗೊತ್ತಿದೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. 1937ರಲ್ಲಿ ಅಲ್ಲಿ ವಿದ್ಯುತ್ ತಯಾರಿಕೆ ಮೊದಲಾಯಿತು. ಕಂಬ ಊರ ಬೀದಿಗೆ ಬಂದಾಗ ದೀಪ ಉರಿಯಿತು. ಅದೇ ತಂತಿ ಬಾವಿಯ ದಡಕ್ಕೆ ಬಂದ ಮೇಲೆ ಬೇಸಾಯ ಬದಲಾಯಿತು, ಕಪಿಲೆ ಎಳೆಯುವ ಎತ್ತುಗಳಿಗೆ ಬಿಡುವು ದೊರೆಯಿತು. ವೇಗದ ಇಂಟರ್‌ನೆಟ್ಟಿನ ವಿಷಯದಲ್ಲಿಯೂ ಇದೇ ಮಾತು. ಅದು ಪಂಚಾಯತಿ ಕಚೇರಿಗೆ ಬಂದರೆ ಕಚೇರಿಗೆ ಲಾಭ. ಹಟ್ಟಿಗೂ ತೋಟದ ಮನೆಗೂ ಬಂದರೆ ಮಾತ್ರ ರೈತನಿಗೆ ಲಾಭ.

ಪ್ರತಿಯೊಂದು ಗ್ರಾಮ ಪಂಚಾಯತಿಗೂ ಗಾಜಿನ ಎಳೆಯ ತಂತಿ ಹಾಕುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ತಮಿಳುನಾಡಿನ 12,525 ಪಂಚಾಯತಿಗಳಿಗೆ ತಂತಿ ಮುಟ್ಟಿಸುವ ಹೊಣೆ ರಾಜ್ಯದ ಫೈಬರ್‌ನೆಟ್ ನಿಗಮದ್ದು. 2023ರ ಆಗಸ್ಟಿನಲ್ಲಿ ಕೇಂದ್ರವು ಯೋಜನೆಯನ್ನು ತಿದ್ದಿ, 1,39,579 ಕೋಟಿ ರೂಪಾಯಿಗಳ ವೆಚ್ಚಕ್ಕೆ ಒಪ್ಪಿತು. ಈ ತಿದ್ದುಪಡಿಯಲ್ಲಿ ನಮ್ಮ ಓದುಗರು ಗಮನಿಸತಕ್ಕ ಅಂಶಗಳು ಎರಡು.

ಮೊದಲನೆಯದು ತಂತಿಯ ಏರ್ಪಾಡು. ಹಿಂದೆ ಕಾಲುವೆಯ ಹಾಗೆ ಒಂದೂರಿನಿಂದ ಮುಂದಿನೂರಿಗೆ ಒಂದೇ ಸಾಲಿನಲ್ಲಿ ತಂತಿ ಎಳೆಯುತ್ತಿದ್ದರು. ರಸ್ತೆ ಅಗೆಯುವಾಗ ಮೇಲೆ ಒಂದು ಕಡೆ ಕಡಿದರೆ ಕೆಳಗಿನ ಊರುಗಳೆಲ್ಲ ಒಣಗಬೇಕು. ಈಗ ಬಳೆಯಂತೆ ಸುತ್ತಿ ತರುವ ಕ್ರಮ. ಒಂದು ಪಕ್ಕ ಕಡಿದರೂ ಇನ್ನೊಂದು ಪಕ್ಕದಿಂದ ಸಂಪರ್ಕ ಉಳಿಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಪಂಚಾಯತಿ ಕೇಂದ್ರವಲ್ಲದ ಸಣ್ಣ ಊರುಗಳಿಗೆ ತಂತಿ ಕೊಡುವುದು ಬೇಡಿಕೆ ಬಂದಲ್ಲಿಗೆ ಎಂದು ಹೇಳಿದ್ದಾರೆ. ಕೇಳಿದ ಊರಿಗೆ ಉಂಟು. ಕೇಳದ ಊರಿನ ಸರದಿ ಯಾವಾಗಲೋ! ಗಡಿಯಾಚೆಯ ಕನ್ನಡಿಗರು ಕಚೇರಿಗೆ ಹೋಗಿ ಕೇಳುವುದರಲ್ಲಿ ಸ್ವಲ್ಪ ಹಿಂದು. ಈ ಸಂಕೋಚ ಇಲ್ಲಿ ನಷ್ಟ ತರುತ್ತದೆ.

ಇದು ದಾನವೂ ಅಲ್ಲ. ದೂರವಾಣಿ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5ರಂತೆ ಹಳ್ಳಿಗಳ ಸಂಪರ್ಕಕ್ಕೆಂದು ಒಂದು ನಿಧಿಗೆ ಕಟ್ಟುತ್ತವೆ. ಭಾರತ್‌ನೆಟ್ಟಿನ ಹಣ ಬರುವುದು ಆ ನಿಧಿಯಿಂದಲೇ. ಫೋನಿಗೆ ರೀಚಾರ್ಜ್ ಮಾಡಿಸುವ ಪ್ರತಿಯೊಬ್ಬ ರೈತನ ದುಡ್ಡೂ ಅದರಲ್ಲಿ ಸೇರಿದೆ.

“ಕೈಯಲ್ಲಿ ಫೋನಿದೆ, ತಂತಿ ಏತಕ್ಕೆ?” ಎಂದು ಕೆಲವರು ಕೇಳಬಹುದು. ಮರಗೆಣಸಿನ ಉದಾಹರಣೆಯನ್ನೇ ನೋಡೋಣ. 2020ರಲ್ಲಿ ಹೊರದೇಶದ ಹಿಟ್ಟು ತಿಗಣೆಯೊಂದು ನಮ್ಮ ದೇಶದ ಮರಗೆಣಸಿನಲ್ಲಿ ಕಾಣಿಸಿಕೊಂಡು, ಸೇಲಂ ಸೀಮೆಗೂ ಹಬ್ಬಿ ಬಹಳ ಹಾನಿ ಮಾಡಿತು. ಬೆಂಗಳೂರಿನ ಕೇಂದ್ರೀಯ ಕೀಟ ಸಂಸ್ಥೆಯವರು ಈ ತಿಗಣೆಯನ್ನು ಕೊಲ್ಲುವ ಒಂದು ಸಣ್ಣ ಕಣಜವನ್ನು ಆಫ್ರಿಕದ ಬೆನಿನ್ ದೇಶದಿಂದ ತರಿಸಿ ಸಾಕಿದರು. 2022ರ ಮಾರ್ಚಿನಲ್ಲಿ ನಮ್ಮ ಜಿಲ್ಲೆಯ ಏತಾಪುರದ ಮರಗೆಣಸು ಸಂಶೋಧನಾ ಕೇಂದ್ರದಲ್ಲಿ ಅದನ್ನು ಬಿಟ್ಟರು. ಕಣಜ ಬಿಟ್ಟ ಹೊಲಕ್ಕೆ ವಿಷದ ಔಷಧಿ ಹೊಡೆದರೆ ತಿಗಣೆಯ ಜೊತೆಗೆ ಕಣಜವೂ ಸಾಯುತ್ತದೆ. ಇದನ್ನು ತಿಳಿಯದ ರೈತ ಔಷಧಿಗೂ ದುಡ್ಡು ಸುರಿದು, ಬಂದ ನೆರವನ್ನೂ ಕಳೆದುಕೊಂಡಂತಾಯಿತು.

ಇಂಥ ವಿಷಯ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಬೆಳೆ ಸುರುಟಿರುತ್ತದೆ. ಸುಳಿಯ ಚಿತ್ರವನ್ನು ಕೂಡಲೇ ಕಳುಹಿಸಿ, ತಿಳಿದವರು ಹೇಳುವುದನ್ನು ನೋಡಿ ಕೇಳಬೇಕಾದರೆ ಎಡೆಬಿಡದ ಸಂಪರ್ಕ ಬೇಕು. ಹೊಲದ ಮೂಲೆಯಲ್ಲಿ ಬಂದು ಹೋಗುವ ಸಿಗ್ನಲ್ ಇದಕ್ಕೆ ಸಾಲದು.

ಬೆಲೆಯದೂ ಹಾಗೆಯೇ. ಗೆಣಸಿನಲ್ಲಿರುವ ಪಿಷ್ಟದ ಪಾಯಿಂಟಿನ ಮೇಲೆ ರೈತನಿಗೆ ದರ. ಆ ಪಿಷ್ಟದಿಂದ ಮಾಡಿದ ಸಾಬಕ್ಕಿಗೆ ಸೇಲಂ ಮಾರುಕಟ್ಟೆಯಲ್ಲಿ ಇಂದು ಏನು ಬೆಲೆ ಎಂದು ತಿಳಿದು ಹೋಗುವವನಿಗೂ, ಗಾಡಿ ತುಂಬಿದ ಮೇಲೆ ಕೇಳುವವನಿಗೂ ಬಹಳ ವ್ಯತ್ಯಾಸ.

ಭಾಷೆಯ ಮಾತೂ ಒಂದಿದೆ. ನಮ್ಮಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಮಕ್ಕಳ ಓದು ತಮಿಳು. ಅರ್ಜಿ, ಪಟ್ಟಾ, ಸಹಾಯಧನದ ವಿವರ ತಮಿಳಿನಲ್ಲಿ ಬರುತ್ತದೆ. ಅದನ್ನು ಮಕ್ಕಳು ಓದಿ ಹೇಳಲಿ. ಬೇಸಾಯದ ತಿಳಿವಳಿಕೆಯನ್ನು ಕನ್ನಡದಲ್ಲಿ ಕೇಳಿದರೆ ಮನೆಯ ಹಿರಿಯರಿಗೂ ಹೆಂಗಸರಿಗೂ ಮನಸ್ಸಿಗೆ ಹತ್ತುತ್ತದೆ. ತಂತಿ ಬಂದರೆ ಎರಡೂ ಒಂದೇ ಜಗುಲಿಯಲ್ಲಿ ದೊರೆಯುತ್ತವೆ.

ಹುಡುಗರು ಸಿನಿಮಾ ನೋಡಿ ಕೆಡುತ್ತಾರೆಂಬ ಹೆದರಿಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅವರು ಈಗಲೂ ಫೋನಿನಲ್ಲಿ ನೋಡುತ್ತಲೇ ಇದ್ದಾರೆ. ಕೇಡು ಈಗಾಗಲೇ ಮನೆಯೊಳಗಿದೆ. ಪ್ರಯೋಜನ ಮಾತ್ರ ಇನ್ನೂ ಹೊರಗೆ ನಿಂತಿದೆ.

ಅಮೆರಿಕದಲ್ಲಿ ಕಂಪನಿಗಳು ದೂರದ ಹೊಲಮನೆಗಳಿಗೆ ಕಂಬ ನೆಡಲೊಪ್ಪದಿದ್ದಾಗ, 1936ರ ಕಾನೂನಿನಡಿ ಸಾಲ ಪಡೆದು ರೈತರೇ ಸಹಕಾರ ಸಂಘ ಕಟ್ಟಿ ವಿದ್ಯುತ್ ತಂದರು. ಆ ಸಂಘಗಳಲ್ಲಿ ಹಲವು ಈಗ ಇಂಟರ್‌ನೆಟ್ ತಂತಿಯನ್ನೂ ಎಳೆಯುತ್ತಿವೆ. ಅವರು ಒಗ್ಗಟ್ಟಾಗಿ ಕೇಳಿದರು, ಪಡೆದರು.

ಆದುದರಿಂದ ನಮ್ಮ ಸಲಹೆ ಇಷ್ಟು. ತಾರಮಂಗಲಂ ಊರು 2021ರಲ್ಲಿ ನಗರಸಭೆಯಾಯಿತು. ಸುತ್ತಲಿನ ಹಳ್ಳಿಗಳಿಗೆ ಗ್ರಾಮಸಭೆ ಇದ್ದೇ ಇದೆ. ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಗ್ರಾಮಸಭೆಯ ದಿನಗಳು. ನಿಮ್ಮ ಹಟ್ಟಿಯಲ್ಲಿ ಎಷ್ಟು ಮನೆಗಳಿಗೆ ಸಂಪರ್ಕ ಬೇಕೆಂದು ಮೊದಲೇ ಪಟ್ಟಿ ಮಾಡಿ, ಸಹಿ ಹಾಕಿಸಿ, ಸಭೆಗೆ ಹೋಗಿರಿ. ಪಂಚಾಯತಿ ಕಚೇರಿಗೆ ಬಂದ ತಂತಿ ಕೆಲಸ ಮಾಡುತ್ತಿದೆಯೇ ಎಂದು ಕೇಳಿರಿ. ಹಟ್ಟಿಗೆ, ಶಾಲೆಗೆ, ಹಾಲಿನ ಸಂಘಕ್ಕೆ ಅದನ್ನು ಮುಂದುವರಿಸಬೇಕೆಂದು ನಿರ್ಣಯ ಬರೆಯಿಸಿರಿ. ನಿರ್ಣಯದ ಪ್ರತಿಯನ್ನು ಕೇಳಿ ಪಡೆಯಿರಿ. ಬಾಯಿಮಾತಿನ ಬೇಡಿಕೆ ಸಭೆ ಮುಗಿದೊಡನೆ ಮರೆತುಹೋಗುತ್ತದೆ. ಬರೆದ ಬೇಡಿಕೆಗೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ.