ಮಕ್ಕಳ ಪಾಠದಿಂದ ತಾಯಿಯ ಕಸುಬಿಗೆ

ಪಾಲಕರ ಕಲಿಕೆ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಒಂದು ಭಾಷಣ, ಆಮೇಲೆ ಚಹಾ-ಬಿಸ್ಕತ್ತು. ತಾಯಿ ಮನೆಗೆ ಹೋಗಿ ಮಗುವಿನ ಹೋಂವರ್ಕ್ ನೋಡಿದರೆ ಸಾಕು. ಆಕೆಯ ದುಡಿಮೆಯ ಮಾತೇ ಬರುವುದಿಲ್ಲ. ಪುಣೆಯಲ್ಲಿ ಆ ಮಾತು ಎದ್ದದ್ದು ಕಸದ ರಾಶಿಯ ಪಕ್ಕದಲ್ಲಿ. 1990ರ ಸುಮಾರಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಚಿಂದಿ ಆಯುವ ಮಕ್ಕಳಿಗೆ ಅಕ್ಷರ ಕಲಿಸಲು ಹೋದರು. ಚಿಂದಿಯನ್ನೇ ಆಯುತ್ತಿದ್ದ ಅವರ ತಾಯಂದಿರ ಸಂಪಾದನೆ ಏರದೆ ಮಕ್ಕಳು ಪಾಠಕ್ಕೆ ಕೂರಲಾರರು ಎಂಬುದು ಬೇಗ ತಿಳಿಯಿತು. ಕೊಳೆತ ಅನ್ನದಲ್ಲಿ ನೆಂದ ಕಾಗದಕ್ಕೆ ಗುಜರಿ ಅಂಗಡಿಯಲ್ಲಿ ಸಿಗುವ ಬೆಲೆಯೇ ಬೇರೆ, ಮನೆಯವರೇ ಬೇರ್ಪಡಿಸಿ ಕೊಟ್ಟ ಒಣ ಕಾಗದದ ಬೆಲೆಯೇ ಬೇರೆ. ಹೀಗೆ ಪಾಠ ಹೇಳಲು ಬಂದವರು ಮನೆಮನೆಗೆ ಹೋಗಿ ಕಸ ಬೇರ್ಪಡಿಸಿ ಕೊಡಿ ಎಂದು ಕೇಳತೊಡಗಿದರು. 1993ರಲ್ಲಿ ಕಾರ್ಮಿಕ ನಾಯಕ ಬಾಬಾ ಆಢಾವ್ ಅವರ ಬೆಂಬಲದೊಂದಿಗೆ ಚಿಂದಿ ಆಯುವವರ ಸಂಘ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಹುಟ್ಟಿತು. ಹೆಸರಿನಲ್ಲೇ ಅವರು ಆಯುವ ಕಾಗದ, ಗಾಜು, ತಗಡು ಮೂರೂ ಇವೆ. 2008ರಲ್ಲಿ ಅವರದೇ 'ಸ್ವಚ್ಛ್' ಸಹಕಾರ ಸಂಘ ಮಹಾನಗರಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ತೊಟ್ಟಿಗೆ ಕೈ ಹಾಕುತ್ತಿದ್ದವಳು ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಬಾಗಿಲಿಗೆ ಬಂದಳು, ತಿಂಗಳ ಶುಲ್ಕ ಕೇಳಿ ಪಡೆದಳು.

ಇದು ಹೊಸ ವೃತ್ತಿಯೇ, ಅದೇ ಕಸವಲ್ಲವೇ ಎಂದು ಕೇಳಬಹುದು. ಕಸ ಅದೇ, ನಿಜ. ಆದರೆ ಕಸುಬು ಕೈಯ ಕೆಲಸವಷ್ಟೇ ಅಲ್ಲ. ಆ ಕೆಲಸಕ್ಕೆ ಯಾರು ಹಣ ಕೊಡಬೇಕು, ಯಾವ ಲೆಕ್ಕದಲ್ಲಿ ಕೊಡಬೇಕು ಎಂಬ ಒಪ್ಪಂದವೂ ಹೌದು. ಅಕ್ಷರವೊಂದರಿಂದಲೇ ಇದಾಯಿತು ಎಂದೂ ನಾನು ಹೇಳಲಾರೆ. ಸಂಘ ಕಟ್ಟದೇ ಇದ್ದಿದ್ದರೆ ಆ ತರಗತಿ ಸಹಿ ಕಲಿಸಿ ಮುಗಿಯುತ್ತಿತ್ತು. ನನ್ನ ತಕರಾರು ಇರುವುದೂ ಅಲ್ಲೇ: ಕಲಿಕೆಯ ಕೊನೆಗೆ ಯಾವ ಹುದ್ದೆ, ಯಾರ ಸಂಬಳ ಎಂದು ಮೊದಲೇ ಗೊತ್ತುಮಾಡದ ತರಗತಿಗಳು ತಾಯಂದಿರನ್ನು ಶಾಲೆಯ ಬಿಟ್ಟಿ ಸಹಾಯಕಿಯರನ್ನಾಗಿ ಮಾಡಿಬಿಡುತ್ತವೆ. ಬಿಸಿಯೂಟ ಬಡಿಸಲು, ಜಾಥಾದಲ್ಲಿ ಫಲಕ ಹಿಡಿಯಲು ಕರೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ.

ಕಲಿಕೆಯ ಕೊನೆಗೆ ಕೆಲಸ ಇರಬೇಕೆಂಬ ಸೂಕ್ಷ್ಮ ಪುಣೆಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. 1909ರಲ್ಲಿ ಶುರುವಾದ ರಮಾಬಾಯಿ ರಾನಡೆಯವರ ಸೇವಾಸದನ ದೊಡ್ಡ ಹೆಂಗಸರಿಗೆ ಓದು ಕಲಿಸಿ ಅಷ್ಟಕ್ಕೇ ಬಿಡಲಿಲ್ಲ. ಸಸೂನ್ ಆಸ್ಪತ್ರೆಯ ದಾದಿಯರ ತರಬೇತಿಗೆ, ಶಿಕ್ಷಕಿಯ ಕೆಲಸಕ್ಕೆ ದಾರಿ ಜೋಡಿಸಿತು. ಪುಟ್ಟ ಮಗನಿದ್ದ ವಿಧವೆ ಪಾರ್ವತಿಬಾಯಿ ಆಠವಲೆ ಓದು ಕಲಿತು, ಧೋಂಡೋ ಕೇಶವ ಕರ್ವೆಯವರ ಪುಣೆ ಬಳಿಯ ಹಿಂಗಣೆ ವಿಧವಾಶ್ರಮದ ಮೇಲ್ವಿಚಾರಕಿಯಾದರು. ಮುಂದೆ ಅಮೆರಿಕಕ್ಕೂ ಹೋಗಿಬಂದರು. ಮನೆಗೆಲಸ, ಕೂಲಿ ಮುಗಿಸಿ ಬಸವಳಿದವರ ಮೇಲೆ ಓದಿನ ಹೊರೆ ಏಕೆ ಎನ್ನುವವರ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳಿಗೆ ಸಂಜೆ ಆರರ ತರಗತಿ ಬರೀ ಶಿಕ್ಷೆ; ಅದು ಒಲೆ ಹಚ್ಚುವ ಹೊತ್ತು. ಆ ತಾಯಂದಿರಿಗೆ ಕೂಲಿ ಕಡಿಯದ ಹಾಗೆ ಕೆಲಸದ ನಡುವೆಯೇ ಒಂದು ಗಂಟೆ ಬಿಡಬೇಕು. ಗುತ್ತಿಗೆದಾರ ಅದನ್ನು ತಾನಾಗಿ ಬಿಡುವವನಲ್ಲ. ಕಟ್ಟಡಕ್ಕೆ ಪರವಾನಗಿ ಕೊಡುವ ಪಾಲಿಕೆಯೇ ಷರತ್ತು ಹಾಕಬೇಕು.